ಸೊನ್ನೆಯಿಂದ ಎಣಿಸಿದ ಡೈಕ್‌ಸ್ಟ್ರಾ

ಎಣಿಕೆಯು ಒಂದರಿಂದ ಮೊದಲಾಗುವುದೆಂಬುದು ಎಳೆಯ ಮಕ್ಕಳಿಗೂ ತಿಳಿದ ಸಂಗತಿ. ಅದು ಸೊನ್ನೆಯಿಂದ ಮೊದಲಾಗುವುದೇ ಲೇಸೆಂದು ವಾದಿಸಿದವರು ಹಾಲೆಂಡಿನ ಎಡ್ಸ್ಗರ್ ಡೈಕ್‌ಸ್ಟ್ರಾ.

1930ರ ಮೇ 11ರಂದು ರಾಟರ್‌ಡ್ಯಾಮ್ ನಗರದಲ್ಲಿ ಅವರ ಜನನವಾಯಿತು. ತಂದೆ ರಸಾಯನಶಾಸ್ತ್ರಜ್ಞರು, ತಾಯಿ ಗಣಿತದಲ್ಲಿ ನಿಷ್ಣಾತೆ. ಲೈಡನ್ನಿನಲ್ಲಿ ಭೌತವಿಜ್ಞಾನವನ್ನು ಅಭ್ಯಸಿಸುತ್ತಿದ್ದಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದರು. 1957ರಲ್ಲಿ ತಮ್ಮ ವಿವಾಹದ ದಾಖಲೆಯಲ್ಲಿ ಆ ವೃತ್ತಿಯನ್ನೇ ಹೇಳಿಕೊಂಡರು. ಅಂಥದೊಂದು ಉದ್ಯೋಗವಿಲ್ಲವೆಂದು ಅಧಿಕಾರಿಗಳು ಒಪ್ಪಲಿಲ್ಲ, ಭೌತವಿಜ್ಞಾನಿಯೆಂದು ಬರೆಯಿಸಬೇಕಾಯಿತು. ಆ ಇಲ್ಲದ ಉದ್ಯೋಗವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸುವುದೇ ಅವರ ಜೀವನದ ವ್ರತವಾಯಿತು. ಎರಡು ಸ್ಥಳಗಳ ನಡುವಣ ಅತಿ ಹತ್ತಿರದ ದಾರಿಯನ್ನು ಕಂಡುಹಿಡಿಯುವ ಅವರ ವಿಧಾನವು 1959ರಲ್ಲಿ ಪ್ರಕಟವಾಯಿತು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿಯು ಅವರನ್ನು ಅರಸಿಕೊಂಡು ಬಂದಿತು.

ಗಣಕದ ಸ್ಮೃತಿಯಲ್ಲಿ ಒಂದೇ ಬಗೆಯ ಅಂಶಗಳನ್ನು ಒತ್ತೊತ್ತಾಗಿ ಇರಿಸಿದ ಸಾಲಿಗೆ ಅರೇ ಎಂದು ಹೆಸರು. ಫೋರ್ಟ್ರಾನ್ ಭಾಷೆಯಲ್ಲಿ ಅದರ ಮೊದಲ ಮನೆಯ ಸಂಖ್ಯೆ ಸಾಮಾನ್ಯವಾಗಿ 1. ಸಿ ಭಾಷೆಯಲ್ಲಿ 0. ಹತ್ತು ಮನೆಗಳ ಸಾಲಿನಲ್ಲಿ ಕಡೆಯದು ಆಗ 9. 10ನೆಯ ಸಂಖ್ಯೆಗೆ ಕೈಯಿಕ್ಕಿದವನು ಸಾಲಿನಿಂದಲೇ ಹೊರಬಿದ್ದನು. ಹೀಗೆ ಸೊನ್ನೆಯಿಂದ ಎಣಿಸುವುದು ಬರಿಯ ಪಾಂಡಿತ್ಯಪ್ರದರ್ಶನವೆಂದು ಗಣಿತಜ್ಞರೊಬ್ಬರು ಕಿರಿಯ ಗಣಕವಿಜ್ಞಾನಿಗಳನ್ನು ಆಕ್ಷೇಪಿಸಿದರು. ಡೈಕ್‌ಸ್ಟ್ರಾ ಅವರು 1982ರ ಆಗಸ್ಟ್ 11ರಂದು ಅದಕ್ಕೆ ಉತ್ತರ ಬರೆದರು.

ಅವರ ವಾದವು ಸರಳವಾದುದು. 2ರಿಂದ 12ರವರೆಗಿನ ಸಂಖ್ಯೆಗಳನ್ನು ಸೂಚಿಸಬೇಕಾಗಿದೆಯೆನ್ನೋಣ. ಎರಡು ತುದಿಗಳನ್ನೂ ಸೇರಿಸಿ ಹೇಳಿದರೆ 12ರಲ್ಲಿ 2 ಕಳೆದು ಹತ್ತು ಬರುತ್ತದೆ, ಇರುವುದಾದರೋ ಹನ್ನೊಂದು. ಒಂದನ್ನು ಕೂಡಿಸಲು ಮರೆತವನ ಲೆಕ್ಕ ಕೆಟ್ಟಿತು. 2ನ್ನು ಸೇರಿಸಿ, 13ನ್ನು ಬಿಟ್ಟು ಹೇಳಿದರೆ ವ್ಯತ್ಯಾಸವೇ ಗಾತ್ರವಾಗುತ್ತದೆ. ಮುಂದಿನ ಸಾಲೂ ಆ 13ರಿಂದಲೇ ತೊಡಗುತ್ತದೆ. ಈ ಕ್ರಮದಲ್ಲಿ ಹತ್ತು ಅಂಶಗಳನ್ನು ಒಂದರಿಂದ ಎಣಿಸಿದರೆ ಎಲ್ಲೆಗಳು 1 ಮತ್ತು 11. ಸೊನ್ನೆಯಿಂದಾದರೆ 0 ಮತ್ತು 10. ಗಾತ್ರವೇ ಎಲ್ಲೆಯಾಗಿ ನಿಲ್ಲುತ್ತದೆ. ಪ್ರತಿಯೊಂದು ಅಂಶದ ಸಂಖ್ಯೆಯೂ ಅದರ ಹಿಂದೆ ಎಷ್ಟು ಮಂದಿ ಇರುವರೆಂಬುದನ್ನು ಹೇಳುತ್ತದೆ. ಮೊದಲನೆಯದರ ಹಿಂದೆ ಯಾರೂ ಇಲ್ಲ.

ಸೊನ್ನೆಯ ರೂಢಿಯನ್ನು ಅವರು ಹುಟ್ಟಿಸಲಿಲ್ಲ. ಮೊದಲೇ ಇದ್ದ ರೂಢಿಗೆ ಕಾರಣವನ್ನು ಕೊಟ್ಟರು. ಲೇಖನಿಯಿಂದ ಸ್ಫುಟವಾಗಿ ಬರೆದು, ಪ್ರತಿ ತೆಗೆಯಿಸಿ, ಮಿತ್ರರಿಗೆ ಹಂಚುತ್ತಿದ್ದ ಇಂಥ ಬರಹಗಳು ಸಾವಿರದ ಮುನ್ನೂರಕ್ಕೂ ಹೆಚ್ಚು. ಆ ಉತ್ತರದ ಮೊದಲ ಪುಟಕ್ಕೆ ಅವರು ಹಾಕಿದ ಸಂಖ್ಯೆಯೂ ಸೊನ್ನೆಯೇ.

2002ರ ಆಗಸ್ಟ್ 6ರಂದು ಹಾಲೆಂಡಿನ ನ್ಯೂನೆನ್ ಎಂಬಲ್ಲಿ ಅವರು ಕಾಲವಾದರು. ಒಂದರ ತಪ್ಪು ಅಲ್ಪವೆಂದು ಉಪೇಕ್ಷಿಸುವವರು ಅನೇಕರು. ಅದು ಹುಟ್ಟುವ ಎಡೆಯನ್ನೇ ಹುಡುಕಿ ಸರಿಪಡಿಸಹೊರಟ ಈ ಮಹನೀಯರ ವೃತ್ತಿ ಯಾವುದೆಂದು ಇಂದು ಯಾವ ದಾಖಲೆಯ ಅಧಿಕಾರಿಯೂ ಕೇಳಲಾರನು.