ಜಗದ್ಗುರು 13ನೇ ಲಿಯೋ ಮತ್ತು ಸಂತ ಮಿಕಾಯೇಲರ ಪ್ರಾರ್ಥನೆ: ಭಯದಿಂದ ಬಿಡುಗಡೆಯ ದಾರಿ

ಪ್ರತಿ ವರ್ಷ ಸೆಪ್ಟೆಂಬರ್ 29ರಂದು ಧರ್ಮಸಭೆಯು ಮಹಾದೂತರಾದ ಸಂತ ಮಿಕಾಯೇಲ, ಗಬ್ರಿಯೇಲ ಮತ್ತು ರಫಾಯೇಲರ ಹಬ್ಬವನ್ನು ಆಚರಿಸುತ್ತದೆ. ಸಂತ ಮಿಕಾಯೇಲರ ರಕ್ಷಣೆ ಬೇಡುವ ಚಿಕ್ಕ ಪ್ರಾರ್ಥನೆ ನಮ್ಮ ಅನೇಕ ಮನೆಗಳಲ್ಲಿ ಜಪಸರದ ಕೊನೆಗೆ ಇಂದಿಗೂ ಕೇಳಿಬರುತ್ತದೆ. ಆದರೆ ಅದನ್ನು ಧರ್ಮಸಭೆಗೆ ಕೊಟ್ಟವರು ಯಾರು, ಯಾವ ಉದ್ದೇಶದಿಂದ ಕೊಟ್ಟರು ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಇದನ್ನು ತಿಳಿಯುವ ಅಗತ್ಯ ಇಂದು ಹೆಚ್ಚಾಗಿದೆ. ಯಾದಗಿರಿ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ಭಾನಾಮತಿಯ ಭಯ ಹಳೆಯದು. ಮನೆಯ ಮೇಲೆ ಕಲ್ಲು ಬಿದ್ದರೆ, ಬಟ್ಟೆಗೆ ಬೆಂಕಿ ತಗಲಿದರೆ, ಹೆಣ್ಣುಮಗಳೊಬ್ಬಳು ವಿಚಿತ್ರವಾಗಿ ಕೂಗಾಡಿದರೆ ಯಾರೋ ಮಾಡಿಸಿದ್ದಾರೆ ಎಂಬ ಮಾತು ಹುಟ್ಟುತ್ತದೆ. ಆ ಭಾಗದಿಂದ ದುಡಿಮೆಗಾಗಿ ಅನೇಕ ಕುಟುಂಬಗಳು ನಮ್ಮ ಕರಾವಳಿಗೂ ಬಂದು ನೆಲೆಸಿವೆ. ಹಾಗೆಂದು ಕರಾವಳಿಯ ನಾವು ಬೀಗುವಂತಿಲ್ಲ. ಮಾಟ, ದೃಷ್ಟಿ, ತಾಯಿತದ ನಂಬಿಕೆ ನಮ್ಮ ಧರ್ಮಕೇಂದ್ರಗಳಲ್ಲೂ ಇದೆ. ಆದ್ದರಿಂದ ಈ ಪ್ರಾರ್ಥನೆಯ ಹಿಂದಿರುವ ಜಗದ್ಗುರು 13ನೇ ಲಿಯೋರವರ ಜೀವನವನ್ನು ಎರಡೂ ಕಡೆಯ ನಮ್ಮ ಜನರ ಮುಂದಿಡಲು ಬಯಸುತ್ತೇವೆ.

ಬಾಲ್ಯ ಮತ್ತು ಗುರುದೀಕ್ಷೆ

ವಿನ್ಸೆಂಜೊ ಜಿಯೋಕಿನೊ ಪೆಚ್ಚಿ 1810ರ ಮಾರ್ಚ್ 2ರಂದು ರೋಮಿನ ದಕ್ಷಿಣಕ್ಕಿರುವ ಕಾರ್ಪಿನೆತೊ ಎಂಬ ಬೆಟ್ಟದೂರಿನಲ್ಲಿ ಜನಿಸಿದರು. ವಿತೆರ್ಬೊ ಪಟ್ಟಣದ ಯೇಸುಸಭೆಯ ಶಾಲೆಯಲ್ಲಿ ಓದಿದರು. 1824ರಲ್ಲಿ, ಇನ್ನೂ ಹದಿನಾಲ್ಕರ ಹುಡುಗನಾಗಿದ್ದಾಗ, ತಾಯಿಯನ್ನು ಕಳೆದುಕೊಂಡರು. 1837ರಲ್ಲಿ ರೋಮಿನಲ್ಲಿ ಕಾಲರಾ ಹಬ್ಬಿದಾಗ ರೋಗಿಗಳ ಸೇವೆಯ ವ್ಯವಸ್ಥೆಯಲ್ಲಿ ದುಡಿದರು. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಗುರುದೀಕ್ಷೆ ಪಡೆದರು.

ಮರುವರ್ಷವೇ ಅವರನ್ನು ಬೆನೆವೆಂತೊ ಪ್ರಾಂತ್ಯದ ಆಡಳಿತಕ್ಕೆ ಕಳುಹಿಸಲಾಯಿತು. ಅಲ್ಲಿ ದರೋಡೆಕೋರರದೇ ರಾಜ್ಯ, ಜನರಿಗೆ ನೆಮ್ಮದಿಯಿಲ್ಲ. ಯುವ ಗುರುಗಳು ಕಾನೂನನ್ನು ಗಟ್ಟಿಯಾಗಿ ಜಾರಿಗೆ ತಂದರು. ಜನರ ಭಯ ಹೋಗಬೇಕಾದರೆ ಪ್ರಾರ್ಥನೆಯ ಜೊತೆ ನ್ಯಾಯವೂ ಬೇಕು ಎಂಬ ಪಾಠ ಅವರ ಬದುಕಿನಲ್ಲಿ ಹೀಗೆ ಮೊದಲೇ ಕಾಣುತ್ತದೆ.

1843ರಲ್ಲಿ ಜಗದ್ಗುರುಗಳ ರಾಯಭಾರಿಯಾಗಿ ಬೆಲ್ಜಿಯಂಗೆ ಹೋದರು. 1846ರಲ್ಲಿ ಪೆರೂಜಿಯದ ಧರ್ಮಾಧ್ಯಕ್ಷರಾಗಿ ನೇಮಕಗೊಂಡು ಸುಮಾರು 32 ವರ್ಷ ಅಲ್ಲಿಯೇ ಸೇವೆ ಸಲ್ಲಿಸಿದರು. 1853ರಲ್ಲಿ ಕಾರ್ಡಿನಲ್ ಪದವಿಗೇರಿದರು. ಅದು ಹಳೆಯ ರಾಜ್ಯಗಳು ಉರುಳುತ್ತಿದ್ದ ಕಾಲ. ಇತ್ತ 1858ರಲ್ಲಿ ಸುರಪುರದ ನಾಯಕರ ಆಳ್ವಿಕೆ ಕೊನೆಗೊಂಡಿತು. ಅತ್ತ 1860ರಲ್ಲಿ ಪೆರೂಜಿಯ, 1870ರಲ್ಲಿ ರೋಮ್ ನಗರ ಇಟಲಿಯ ಅರಸರ ಸೈನ್ಯದ ವಶವಾದವು. ಜಗದ್ಗುರುಗಳು ವ್ಯಾಟಿಕನ್ನಿನ ಗೋಡೆಗಳ ಒಳಗೇ ಉಳಿದರು.

ಗೋಡೆಯೊಳಗಿನ ಜಗದ್ಗುರು

1878ರ ಫೆಬ್ರವರಿ 20ರಂದು ಕಾರ್ಡಿನಲ್ ಪೆಚ್ಚಿ ಜಗದ್ಗುರುಗಳಾಗಿ ಆಯ್ಕೆಯಾಗಿ 13ನೇ ಲಿಯೋ ಎಂಬ ಹೆಸರು ಧರಿಸಿದರು. ಆಗ ಅವರಿಗೆ 68 ವರ್ಷ ತುಂಬಲು ಕೆಲವೇ ದಿನಗಳಿದ್ದವು. ಮೈ ಬಡಕಲು, ಆರೋಗ್ಯ ಅಷ್ಟಕ್ಕಷ್ಟೆ. ಆದರೂ ಧರ್ಮಸಭೆಯನ್ನು 25 ವರ್ಷ ನಡೆಸಿದರು. ಅಷ್ಟೂ ವರ್ಷ ಅವರು ವ್ಯಾಟಿಕನ್ ಬಿಟ್ಟು ಹೊರಗೆ ಕಾಲಿಡಲಿಲ್ಲ.

ಹೊರಗಿನ ಪರಿಸ್ಥಿತಿ ಹೇಗಿತ್ತೆಂದರೆ, 1881ರ ಜುಲೈ 13ರ ರಾತ್ರಿ ಹಿಂದಿನ ಜಗದ್ಗುರು 9ನೇ ಪಿಯುಸ್‌ರವರ ಪಾರ್ಥಿವ ಶರೀರವನ್ನು ಸಂತ ಲಾರೆನ್ಸರ ಮಹಾದೇವಾಲಯಕ್ಕೆ ಒಯ್ಯುವಾಗ ಗುಂಪೊಂದು ಮೆರವಣಿಗೆಯ ಮೇಲೆ ಎರಗಿ, ಶವಪೆಟ್ಟಿಗೆಯನ್ನು ಟೈಬರ್ ನದಿಗೆ ಎಸೆಯಲು ಯತ್ನಿಸಿತು. ಸತ್ತವರಿಗೂ ರಕ್ಷಣೆಯಿಲ್ಲದ ದಿನಗಳವು! ಅಂತಹ ಕಾಲದಲ್ಲಿ ಲಿಯೋರವರು ಭಕ್ತರನ್ನು ಪ್ರಾರ್ಥನೆಗೆ ಕರೆದರು. 1883ರಿಂದ ಜಪಸರ ಪ್ರಾರ್ಥನೆಯ ಕುರಿತು ಸಾಲುಸಾಲಾಗಿ ವಿಶ್ವಪತ್ರಗಳನ್ನು ಬರೆದರು. ಅಕ್ಟೋಬರ್ ತಿಂಗಳ ಜಪಸರ ಭಕ್ತಿ ಲೋಕದಾದ್ಯಂತ ನೆಲೆಯೂರಿದ್ದು ಅವರಿಂದಲೇ.

1884ರ ಜನವರಿ 6ರಂದು ಗಾಯನವಿಲ್ಲದ ಸಾಧಾರಣ ಬಲಿಪೂಜೆಯ ನಂತರ ಗುರುಗಳೂ ಜನರೂ ಮಂಡಿಯೂರಿ ಕೆಲವು ಪ್ರಾರ್ಥನೆಗಳನ್ನು ಹೇಳಬೇಕೆಂದು ಇಡೀ ಧರ್ಮಸಭೆಗೆ ವಿಧಿಸಿದರು. 1886ರಲ್ಲಿ ಅವುಗಳ ಕೊನೆಗೆ ಸಂತ ಮಿಕಾಯೇಲರ ಪ್ರಾರ್ಥನೆ ಸೇರಿತು. ಲಿಯೋರವರಿಗೆ ಭಯಾನಕ ದರ್ಶನವೊಂದಾಗಿ, ಕೂಡಲೇ ಕುಳಿತು ಇದನ್ನು ಬರೆದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಆದರೆ ಅದು ಅಚ್ಚಾದದ್ದು ಅವರ ಮರಣದ ದಶಕಗಳ ನಂತರ. ದಿನಾಂಕ, ವಿವರಗಳು ಒಬ್ಬೊಬ್ಬರ ಬರಹದಲ್ಲಿ ಒಂದೊಂದು ರೀತಿ ಇವೆ. ನಮ್ಮ ವಿಶ್ವಾಸಕ್ಕೆ ಆ ಕಥೆಯ ಆಸರೆ ಬೇಕಿಲ್ಲ. ಪ್ರಾರ್ಥನೆಯೇ ಸಾಕು.

ನಮ್ಮ ನಾಡಿನ ನಂಟು

ಅದೇ 1886ರ ಸೆಪ್ಟೆಂಬರ್ 1ರಂದು 13ನೇ ಲಿಯೋರವರು ಭಾರತದ ಧರ್ಮಸಭೆಗೆ ಪೂರ್ಣ ಪ್ರಮಾಣದ ಧರ್ಮಪ್ರಾಂತ್ಯಗಳ ವ್ಯವಸ್ಥೆಯನ್ನು ನೀಡಿದರು. ಕರಾವಳಿಯ ಮಂಗಳೂರು ಮತ್ತು ನಿಜಾಮರ ರಾಜಧಾನಿ ಹೈದರಾಬಾದು ಧರ್ಮಪ್ರಾಂತ್ಯಗಳಾದದ್ದು ಆ ಒಂದೇ ದಿನ. ಯಾದಗಿರಿ, ಶಹಾಪುರ, ಸುರಪುರ ಆಗ ನಿಜಾಮರ ಆಡಳಿತದಲ್ಲಿದ್ದವು. ಇಂದು ಅವು 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿವೆ. ಯೇಸುಸಭೆಯ ಗುರುಗಳನ್ನು 1878ರಲ್ಲಿ ಮಂಗಳೂರಿಗೆ ಕಳುಹಿಸಿದವರೂ ಲಿಯೋರವರೇ. ಈ ನೆಲದ ಮಕ್ಕಳೇ ಇಲ್ಲಿಯ ಗುರುಗಳಾಗಬೇಕೆಂದು 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಗುರುಮಠವನ್ನು ತೆರೆದರು. ಅದು 1955ರಲ್ಲಿ ಪುಣೆಗೆ ಬಂತು.

1891ರ ಮೇ 15ರಂದು ಹೊರಟ ಅವರ ರೇರುಂ ನೊವಾರುಂ ವಿಶ್ವಪತ್ರ ಕಾರ್ಮಿಕರ ಪರವಾಗಿ ನಿಂತಿತು. ದುಡಿದವನಿಗೆ ತಕ್ಕ ಕೂಲಿ ಸಲ್ಲಬೇಕು, ಕಾರ್ಮಿಕರು ಸಂಘ ಕಟ್ಟಿಕೊಳ್ಳಬಹುದು ಎಂದು ಅದು ಸಾರಿತು. ಸೈತಾನನ ಮೋಸದಿಂದ ಕಾಪಾಡು ಎಂದು ಬೇಡಿದ ಜಗದ್ಗುರುಗಳೇ ಬಡವನ ಹೊಟ್ಟೆಯ ಚಿಂತೆಯನ್ನೂ ಮಾಡಿದರು. ಸಾಲ, ಕಾಯಿಲೆ, ಕೆಲಸವಿಲ್ಲದ ದಿನಗಳೂ ಭಯವನ್ನು ಹುಟ್ಟಿಸುತ್ತವೆ. ಊರು ಬಿಟ್ಟು ಬಂದ ಕುಟುಂಬಕ್ಕೆ ಸರಿಯಾದ ಕೂಲಿ ಕೊಡುವುದೂ ಆ ಭಯವನ್ನು ಓಡಿಸುವ ಕೆಲಸವೇ.

1903ರ ಜುಲೈ 20ರಂದು, 93ನೇ ವಯಸ್ಸಿನಲ್ಲಿ, ಲಿಯೋರವರು ದೇವರಲ್ಲಿ ನಿದ್ರಿಸಿದರು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು 14ನೇ ಲಿಯೋರವರು ಹೆಸರನ್ನು ಆರಿಸಿಕೊಂಡದ್ದು ಮುಖ್ಯವಾಗಿ ಇವರ ನೆನಪಿನಲ್ಲಿ. ಬಲಿಪೂಜೆಯ ನಂತರ ಮಿಕಾಯೇಲರ ಪ್ರಾರ್ಥನೆ ಹೇಳಬೇಕೆಂಬ ನಿಯಮ 1965ರಲ್ಲಿ ನಿಂತಿತು. ಆದರೆ ಅದನ್ನು ಮರೆಯಬಾರದೆಂದು ಸಂತ 2ನೇ ಜಾನ್ ಪಾಲ್‌ರವರು 1994ರಲ್ಲಿ ನೆನಪಿಸಿದರು. 2018ರ ಅಕ್ಟೋಬರ್‌ನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಜಪಸರದ ಜೊತೆ ಅದನ್ನು ಹೇಳಲು ಕೇಳಿಕೊಂಡರು.

ಪ್ರಾರ್ಥನೆ ತಾಯಿತವಲ್ಲ

ಪ್ರಿಯರೇ, ಈ ಪ್ರಾರ್ಥನೆಯಲ್ಲಿ ಎರಡು ವಿಷಯಗಳನ್ನು ಗಮನಿಸೋಣ. ಮೊದಲನೆಯದು, ಇಲ್ಲಿ ಬೇಡುವವರು ನಾವು, ನಾನೊಬ್ಬನೇ ಅಲ್ಲ. ಇಡೀ ಸಭೆಗಾಗಿ ಬೇಡುತ್ತೇವೆ. ಎರಡನೆಯದು, ಇಲ್ಲಿ ಶತ್ರುವೆಂದು ಹೇಳಿರುವುದು ಸೈತಾನನನ್ನು ಮತ್ತು ದುರಾತ್ಮಗಳನ್ನು ಮಾತ್ರ. ಯಾವ ಮನುಷ್ಯನೂ ಅಲ್ಲಿ ಶತ್ರುವಲ್ಲ. ನೆರೆಮನೆಯ ವಿಧವೆಯಿಲ್ಲ, ಜಗಳವಾಡಿದ ನಾದಿನಿಯಿಲ್ಲ, ಬೇರೆ ಜಾತಿಯವನಿಲ್ಲ. ರಾತ್ರಿ ಈ ಪ್ರಾರ್ಥನೆ ಹೇಳಿ ಬೆಳಿಗ್ಗೆ ಯಾರೋ ಬಡ ಹೆಂಗಸಿನ ಕಡೆ ಬೆರಳು ತೋರಿಸಿದರೆ, ಸೈತಾನನ ಮೋಸಕ್ಕೆ ನಾವೇ ಬಿದ್ದಂತೆ. ಭಾನಾಮತಿಯ ಹೆಸರಿನಲ್ಲಿ ಹೊಡೆತ ತಿಂದವರು, ಊರು ಬಿಟ್ಟವರು ಹೆಚ್ಚಾಗಿ ಕೇಳುವವರಿಲ್ಲದ ಬಡವರೇ. ಇಂತಹ ಹಿಂಸೆಯನ್ನು ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ಕಾನೂನೂ ಬಂದಿದೆ.

ಇನ್ನೊಂದು ಎಚ್ಚರಿಕೆಯ ಮಾತು. 1890ರಲ್ಲಿ ಲಿಯೋರವರ ಕಾಲದಲ್ಲಿ ಪ್ರಕಟವಾದ ಉದ್ದನೆಯ ಉಚ್ಚಾಟನಾ ವಿಧಿ ಬೇರೆ, ಈ ಚಿಕ್ಕ ಪ್ರಾರ್ಥನೆ ಬೇರೆ. ಆ ವಿಧಿಯನ್ನು ಸಾಮಾನ್ಯ ವಿಶ್ವಾಸಿಗಳು ಬಳಸಬಾರದೆಂದು ರೋಮ್ 1985ರಲ್ಲಿ ತಿಳಿಸಿದೆ. ದುರಾತ್ಮ ಪೀಡಿತರ ಮೇಲೆ ಉಚ್ಚಾಟನೆ ನಡೆಸಲು ಗುರುಗಳಿಗೂ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕು. ಆದ್ದರಿಂದ ದುಡ್ಡು ಪಡೆದು ದೆವ್ವ ಬಿಡಿಸುತ್ತೇವೆ ಎನ್ನುವವರ ಬಳಿ ಹೋಗಬೇಡಿ, ಅವರು ಕೈಯಲ್ಲಿ ಶಿಲುಬೆ ಹಿಡಿದಿದ್ದರೂ ಸರಿ. ಮನೆಯವರು ನಿದ್ದೆಗೆಟ್ಟು, ಹೆದರಿ, ತಮ್ಮಷ್ಟಕ್ಕೆ ಮಾತನಾಡತೊಡಗಿದರೆ ಮೊದಲು ವೈದ್ಯರಿಗೆ ತೋರಿಸಿ. ಔಷಧಿ ಕೊಡಿಸುವುದು ವಿಶ್ವಾಸದ ಕೊರತೆಯಲ್ಲ.

ಉಪದೇಶಿಗಳಿಗೆ, ಧರ್ಮಭಗಿನಿಯರಿಗೆ, ವಾಳೆಯ ಮುಖಂಡರಿಗೆ ನಮ್ಮ ವಿನಂತಿ ಇಷ್ಟೆ. ಹೆದರಿದ ಮನೆಗೆ ಹೋದಾಗ ಯಾರು ಮಾಡಿಸಿದರು ಎಂಬ ಮಾತಿಗೆ ಎಡೆ ಕೊಡಬೇಡಿ. ಅವರ ಜೊತೆ ಕುಳಿತು ಕಷ್ಟ ಕೇಳಿ. ಪಾಪನಿವೇದನೆಗೆ, ಪರಮಪ್ರಸಾದಕ್ಕೆ ಕರೆತನ್ನಿ. ಬಳಿಕ ಎಲ್ಲರೂ ಸೇರಿ ಸಂತ ಮಿಕಾಯೇಲರ ಪ್ರಾರ್ಥನೆ ಹೇಳಿ. ಸೈತಾನನನ್ನು ಕ್ರಿಸ್ತರು ಶಿಲುಬೆಯ ಮೇಲೆ ಈಗಾಗಲೇ ಗೆದ್ದಿದ್ದಾರೆ. ಆ ಜಯದಲ್ಲಿ ದೀಕ್ಷಾಸ್ನಾನ ಪಡೆದ ನಮ್ಮೆಲ್ಲರಿಗೂ ಪಾಲಿದೆ. ಯಾದಗಿರಿಯ ಗುಡಿಸಲಿರಲಿ, ಕರಾವಳಿಯ ಹೆಂಚಿನ ಮನೆಯಿರಲಿ, ದೀಪ ಆರಿಸಿ ಮಲಗುವ ಮುನ್ನ ಈ ವಿಶ್ವಾಸದಿಂದ ಪ್ರಾರ್ಥಿಸೋಣ. ಮಹಾದೂತ ಸಂತ ಮಿಕಾಯೇಲರು ನಮ್ಮ ಕುಟುಂಬಗಳನ್ನು ಕಾಯಲಿ.