ಬ್ರೂಸ್ ಮೆಕ್‌ಲಾರೆನ್‌ನ ಮೊದಲ ಗೆಲುವು

ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಲೆಸ್ ಮೆಕ್‌ಲಾರೆನ್ ಎಂಬಾತನು ಪೆಟ್ರೋಲ್ ಬಂಕನ್ನೂ ಅದಕ್ಕೆ ಸೇರಿದಂತೆ ಒಂದು ಮೋಟಾರು ದುರಸ್ತಿ ಶಾಲೆಯನ್ನೂ ನಡೆಸುತ್ತಿದ್ದನು. ಆತನ ಮಗ ಬ್ರೂಸನು ಹುಟ್ಟಿದ್ದು 1937ರ ಆಗಸ್ಟ್ 30ರಂದು. ಹುಡುಗನಿಗೆ 9 ವರ್ಷ ತುಂಬಿದಾಗ ಸೊಂಟದ ಕೀಲಿನಲ್ಲಿ ವಿಚಿತ್ರವಾದ ನೋವು ಕಾಣಿಸಿಕೊಂಡಿತು. ತೊಡೆಯೆಲುಬಿನ ತಲೆಗೆ ರಕ್ತ ಸರಿಯಾಗಿ ಹರಿಯದೆ ಎಲುಬು ಸವೆಯುವ ಈ ರೋಗಕ್ಕೆ ವೈದ್ಯರು ಪರ್ಥಿಸ್ ರೋಗವೆನ್ನುತ್ತಾರೆ. ಅಂಗವಿಕಲ ಮಕ್ಕಳ ಆರೋಗ್ಯಧಾಮವೊಂದರಲ್ಲಿ ಬ್ರೂಸನು ಸುಮಾರು ಎರಡು ವರ್ಷ ಕಾಲುಗಳನ್ನು ಚೌಕಟ್ಟಿಗೆ ಬಿಗಿಸಿಕೊಂಡು ಮಲಗಿಯೇ ಕಳೆದನು. ಓಡಿಯಾಡುವ ವಯಸ್ಸಿನ ಬಾಲಕನಿಗೆ ಇದಕ್ಕಿಂತ ಕಠಿನವಾದ ಶಿಕ್ಷೆ ಬೇರೊಂದಿಲ್ಲ. ರೋಗವೇನೋ ವಾಸಿಯಾಯಿತು, ಆದರೆ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿಯೇ ಉಳಿಯಿತು. ಜೀವಮಾನವೆಲ್ಲ ಆತನು ಕುಂಟುತ್ತಲೇ ನಡೆದನು.

ತಂದೆಯು ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಕೊಂಡು ತಂದಾಗ ತಂದೆಮಕ್ಕಳಿಬ್ಬರೂ ಕೂಡಿ ಅದನ್ನು ಬಿಚ್ಚಿ ಜೋಡಿಸಿದರು. ಕಾರು ಹೇಗೆ ಓಡುತ್ತದೆ ಎಂಬುದನ್ನು ಬ್ರೂಸನು ಅದನ್ನು ಓಡಿಸುವ ಮುನ್ನವೇ ಕೈಯಾರೆ ತಿಳಿದುಕೊಂಡನು. ಹರೆಯಕ್ಕೆ ಕಾಲಿಡುತ್ತಿದ್ದಂತೆ ಆ ಕಾರಿನಲ್ಲಿಯೇ ಪಂದ್ಯಗಳಿಗೆ ಇಳಿದನು. 1958ರಲ್ಲಿ ನ್ಯೂಜಿಲೆಂಡಿನ ಮೋಟಾರು ಪಂದ್ಯ ಸಂಸ್ಥೆಯು ಪ್ರತಿಭಾವಂತ ಚಾಲಕನೊಬ್ಬನನ್ನು ಯೂರೋಪಿಗೆ ಕಳುಹಿಸುವ ಯೋಜನೆಯನ್ನು ಕೈಗೊಂಡಿತು. ಅದರ ಮೊದಲ ಫಲಾನುಭವಿ ಈತನೇ. ಅದೇ ವರ್ಷ ಜರ್ಮನಿಯ ದುರ್ಗಮವಾದ ನ್ಯೂರ್‌ಬರ್ಗ್‌ರಿಂಗ್ ಪಥದಲ್ಲಿ, ಕಡಮೆ ಶಕ್ತಿಯ ಕಾರಿನಲ್ಲಿ ಹೋಗಿ, ದೊಡ್ಡ ಕಾರುಗಳ ನಡುವೆಯೂ ಐದನೆಯವನಾಗಿ ಗುರಿ ಮುಟ್ಟಿದನು.

1959ರಲ್ಲಿ ಇಂಗ್ಲೆಂಡಿನ ಕೂಪರ್ ತಂಡವು ಬ್ರೂಸನನ್ನು ಸೇರಿಸಿಕೊಂಡಿತು. ಅಲ್ಲಿ ಆತನಿಗೆ ಹಿರಿಯ ಜೊತೆಗಾರನಾಗಿ ದೊರೆತವನು ಆಸ್ಟ್ರೇಲಿಯದ ಜ್ಯಾಕ್ ಬ್ರ್ಯಾಬಮ್. ಆ ವರ್ಷದ ಕೊನೆಯ ಗ್ರ್ಯಾನ್ ಪ್ರಿ ಪಂದ್ಯವು ಡಿಸೆಂಬರ್ 12ರಂದು ಅಮೆರಿಕದ ಫ್ಲಾರಿಡ ಪ್ರಾಂತದ ಸೀಬ್ರಿಂಗ್‌ನಲ್ಲಿ, ವಿಮಾನ ನಿಲ್ದಾಣದ ವಿಶಾಲವಾದ ಕಾಂಕ್ರೀಟ್ ಹಾದಿಗಳ ಮೇಲೆ ನಡೆಯಿತು. ವಿಶ್ವ ಚಾಂಪಿಯನ್ ಯಾರೆಂಬುದು ಅಂದು ತೀರ್ಮಾನವಾಗಬೇಕಿತ್ತು. ಸ್ಪರ್ಧೆಯಲ್ಲಿದ್ದವರು ಬ್ರ್ಯಾಬಮ್, ಸ್ಟರ್ಲಿಂಗ್ ಮಾಸ್, ಟೋನಿ ಬ್ರೂಕ್ಸ್ ಈ ಮೂವರು. ಮಾಸ್‌ನ ಕಾರು ಆರಂಭದಲ್ಲಿಯೇ ಕೆಟ್ಟು ನಿಂತಿತು. ಬ್ರೂಕ್ಸನ ಕಾರಿಗೆ ಅವನದೇ ತಂಡದ ಕಾರು ಹಿಂದಿನಿಂದ ತಾಗಿ ಅವನು ಹಿಂದೆ ಬಿದ್ದನು. ಬ್ರ್ಯಾಬಮ್ ಮುಂದೆ, ಬ್ರೂಸ್ ಹಿಂದೆ, ಹೀಗೆ ಪಂದ್ಯ ಸಾಗಿತು.

ಇಂಥ ಪಂದ್ಯಗಳಲ್ಲಿ ಪೆಟ್ರೋಲಿನ ಲೆಕ್ಕವು ಬಲು ಸೂಕ್ಷ್ಮವಾದುದು. ಹೆಚ್ಚು ತುಂಬಿದರೆ ಕಾರು ಭಾರವಾಗಿ ವೇಗ ಕುಂದುತ್ತದೆ. ಕಡಮೆ ತುಂಬಿದರೆ ದಾರಿಯ ನಡುವೆ ನಿಲ್ಲಬೇಕಾಗುತ್ತದೆ. 42 ಸುತ್ತುಗಳಲ್ಲಿ 41 ಮುಗಿದಿದ್ದವು. ಕೊನೆಯ ಸುತ್ತಿನಲ್ಲಿ, ಗುರಿ ಇನ್ನು ಕೆಲವು ನೂರು ಗಜಗಳಿರುವಾಗ, ಬ್ರ್ಯಾಬಮ್‌ನ ಕಾರಿನಲ್ಲಿ ಪೆಟ್ರೋಲು ಬರಿದಾಯಿತು. ಹಿಂದೆ ಬಂದ ಬ್ರೂಸನು ಏನೂ ತೋಚದೆ ತಾನೂ ವೇಗ ತಗ್ಗಿಸಿದನು. ಬ್ರ್ಯಾಬಮ್ ಕೈಬೀಸಿ, ಮುಂದೆ ಹೋಗುವಂತೆ ಸನ್ನೆ ಮಾಡಿದನು. ಅಷ್ಟರಲ್ಲಿ ಫ್ರಾನ್ಸಿನ ಮೋರಿಸ್ ತ್ರಂತಿನ್ಯಾನ್ ಬೆನ್ನಿಗೇ ಬಂದಿದ್ದನು. ಬ್ರೂಸನು ಗೆದ್ದದ್ದು ಕೇವಲ 0.6 ಸೆಕೆಂಡಿನ ಅಂತರದಿಂದ! ಬ್ರ್ಯಾಬಮ್ ಕಾರಿನಿಂದಿಳಿದು, ಯಾರ ನೆರವನ್ನೂ ಪಡೆಯದೆ, ಅದನ್ನು ಏರಿನಲ್ಲಿ ತಳ್ಳಿಕೊಂಡು ಬಂದು ನಾಲ್ಕನೆಯವನಾಗಿ ಗುರಿ ದಾಟಿ ಕುಸಿದನು. ವಿಶ್ವ ಚಾಂಪಿಯನ್ ಪಟ್ಟ ಅವನದಾಯಿತು.

ಬ್ರೂಸನಿಗೆ ಅಂದು 22 ವರ್ಷ 104 ದಿನ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಗ್ರ್ಯಾನ್ ಪ್ರಿ ಗೆದ್ದವರು ಬೇರೆ ಯಾರೂ ಇರಲಿಲ್ಲ. 2003ರಲ್ಲಿ ಸ್ಪೇನಿನ ಫರ್ನಾಂಡೊ ಅಲೊನ್ಸೊ ಗೆಲ್ಲುವವರೆಗೆ ಆ ದಾಖಲೆ ಅಳಿಯಲಿಲ್ಲ. ಇದು ಅದೃಷ್ಟದ ಗೆಲುವೆಂದು ಹೇಳುವುದು ಸುಲಭ. ಆದರೆ ಮುಂದಿನವನು ಎಡವಿದ ಗಳಿಗೆಯಲ್ಲಿ ಅವನ ಹಿಂದೆಯೇ ಇರಬೇಕಾದರೆ 41 ಸುತ್ತುಗಳನ್ನು ತಪ್ಪಿಲ್ಲದೆ ಮುಗಿಸಿರಬೇಕಲ್ಲವೆ? ಎರಡು ತಿಂಗಳೊಳಗೆ, 1960ರ ಫೆಬ್ರವರಿಯಲ್ಲಿ, ಆತನು ಆರ್ಜೆಂಟೀನದಲ್ಲಿ ಮತ್ತೆ ಗೆದ್ದನು.

ಇತರರು ಕಟ್ಟಿದ ಕಾರನ್ನು ಓಡಿಸುವುದರಿಂದಷ್ಟೇ ಆತನಿಗೆ ತೃಪ್ತಿಯಾಗಲಿಲ್ಲ. 1963ರಲ್ಲಿ ತನ್ನದೇ ತಂಡವನ್ನು ಕಟ್ಟಿದನು. 1966ರಲ್ಲಿ ಗ್ರ್ಯಾನ್ ಪ್ರಿಗೆ ಇಳಿಸಿದ ಮೊದಲ ಕಾರು ತೈಲ ಸೋರಿ ನಿಂತುಹೋಯಿತು. ಎರಡು ವರ್ಷಗಳ ಪರಿಶ್ರಮದ ಬಳಿಕ, 1968ರ ಜೂನ್ 9ರಂದು, ಬೆಲ್ಜಿಯಮ್ಮಿನ ಸ್ಪಾ ಪಥದಲ್ಲಿ ಕಿತ್ತಳೆ ಬಣ್ಣದ ಕಾರಿನಲ್ಲಿ ಬ್ರೂಸನು ಗುರಿ ದಾಟಿದನು. ತಾನು ಎರಡನೆಯವನೆಂದೇ ಆತನು ತಿಳಿದಿದ್ದನು. ಮುಂದಿದ್ದ ಜ್ಯಾಕಿ ಸ್ಟುವರ್ಟ್ ಕೊನೆಯ ಸುತ್ತಿಗೆ ಮುನ್ನ ಪೆಟ್ರೋಲಿಗಾಗಿ ನಿಂತದ್ದು ಆತನ ಗಮನಕ್ಕೆ ಬಂದಿರಲಿಲ್ಲ. ಗೆದ್ದವನು ತಾನೇ ಎಂಬುದನ್ನು ಇತರರು ತಿಳಿಸಬೇಕಾಯಿತು! ತನ್ನ ಹೆಸರನ್ನೇ ಹೊತ್ತ ಕಾರಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಗ್ರ್ಯಾನ್ ಪ್ರಿ ಗೆದ್ದವರು ಬ್ರ್ಯಾಬಮ್ ಮತ್ತು ಮೆಕ್‌ಲಾರೆನ್ ಇಬ್ಬರೇ.

1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಬ್ರೂಸನು ಹೊಸ ಕಾರೊಂದನ್ನು ಪರೀಕ್ಷಿಸುತ್ತಿದ್ದನು. ಅತಿವೇಗದಲ್ಲಿದ್ದಾಗ ಅದರ ಹಿಂಬದಿಯ ಹೊದಿಕೆ ಕಳಚಿ ಹಾರಿತು. ಕಾರು ಹಿಡಿತ ತಪ್ಪಿ ಅಪ್ಪಳಿಸಿತು. 32 ವರ್ಷದ ಬ್ರೂಸನು ಅಲ್ಲಿಯೇ ಅಸುನೀಗಿದನು. ತಂಡದವರು ಕಾರ್ಖಾನೆಯ ಬಾಗಿಲು ಮುಚ್ಚಲಿಲ್ಲ. ಆತನ ಗೆಳೆಯ ಡೆನಿ ಹಲ್ಮ್ ಹಿಂದಿನ ತಿಂಗಳಷ್ಟೇ ಬೆಂಕಿಯಲ್ಲಿ ಸುಟ್ಟಿದ್ದ ಕೈಗಳಿಗೆ ಪಟ್ಟಿ ಸುತ್ತಿಕೊಂಡೇ ಚಾಲಕನ ಪೀಠವನ್ನೇರಿದನು. ಬ್ರೂಸನ ಸ್ಥಾನಕ್ಕೆ ಡ್ಯಾನ್ ಗರ್ನಿ ಬಂದನು. ಜೂನ್ 14ರಂದು ಕೆನಡದ ಮಾಸ್‌ಪೋರ್ಟ್‌ನಲ್ಲಿ ನಡೆದ ಪಂದ್ಯದಲ್ಲಿ ಆ ಹೊಸ ಮಾದರಿಯ ಕಾರು ತನ್ನ ಮೊದಲ ಗೆಲುವನ್ನು ಪಡೆಯಿತು.