ಬಾಗಿಲು ತೆರೆಸಿದ ವಿದ್ಯಾರ್ಥಿನಿ

ಮಂಗಳೂರು ನಗರದ ಉತ್ತರಕ್ಕೆ, ವಿಮಾನ ನಿಲ್ದಾಣದ ಕಡೆಗೆ ಸಾಗುವ ದಾರಿಯಲ್ಲಿ ದೇರೆಬೈಲು ಎಂಬ ಬಡಾವಣೆ ಇದೆ. ಹೆಸರಿನಲ್ಲಿ ಬೈಲು ಉಳಿದಿದೆ. ಗದ್ದೆಗಳು ಬಹುಮಟ್ಟಿಗೆ ಮನೆಗಳಾಗಿವೆ. ನಿವೃತ್ತನಾದ ಮೇಲೆ ಬೆಳಗಿನ ತಿರುಗಾಟಕ್ಕೆ ಹೊರಟಾಗ ಅಲ್ಲಿನ ಬಸ್ಸು ತಂಗುದಾಣದಲ್ಲಿ ಪುಸ್ತಕದ ಚೀಲ ಹಿಡಿದು ನಿಂತ ನಾಲ್ಕಾರು ಹುಡುಗಿಯರನ್ನು ದಿನವೂ ಕಾಣುತ್ತೇನೆ. ಅವರಲ್ಲೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಆಕೆ ನೇತ್ರಾವತಿಯ ಸೇತುವೆಯನ್ನು ದಾಟಿ ಕೊಣಾಜೆಗೆ ಹೋಗಿ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ವ್ಯಾಸಂಗ ಮಾಡುತ್ತಿದ್ದಾಳೆ. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಸ್ನಾತಕೋತ್ತರ ಕೇಂದ್ರವೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಹೆಣ್ಣುಮಕ್ಕಳು ಅಲ್ಲಿ ರಸಾಯನಶಾಸ್ತ್ರ ಕಲಿಯುವುದರಲ್ಲಿ ಆಕೆಗೆ ಸೋಜಿಗವೇನೂ ತೋರುವುದಿಲ್ಲ. ತೋರಬೇಕಾಗಿಯೂ ಇಲ್ಲ.

ಆದರೆ 1933ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ, ಇಷ್ಟೇ ವಯಸ್ಸಿನ ಒಬ್ಬ ತರುಣಿ ರಸಾಯನಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ಅವಕಾಶ ಬೇಡಿ ಬಂದಾಗ, ಹೆಣ್ಣೆಂಬ ಒಂದೇ ಕಾರಣದಿಂದ ಆಕೆಗೆ ಬಾಗಿಲು ಮುಚ್ಚಲಾಯಿತು. ಆ ತರುಣಿಯ ಹೆಸರು ಕಮಲಾ ಭಾಗವತ್. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಜೀವರಸಾಯನ ವಿಜ್ಞಾನಿ ಅವರೇ.

ಕಮಲಾ 1911ರಲ್ಲಿ ಇಂದೂರಿನಲ್ಲಿ ಜನಿಸಿದರು. ಅವರ ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ಹೆಸರಾಂತ ಲೇಖಕಿಯಾದರು. 1975ರಲ್ಲಿ ಕರಾಡದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಅವರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಸೆರೆಮನೆಯನ್ನೂ ಕಂಡರು. ಅನ್ಯಾಯವೆಂದು ತೋರಿದ್ದಕ್ಕೆ ತಲೆಬಾಗದಿರುವ ಗುಣ ಆ ಮನೆಯಲ್ಲಿಯೇ ಇತ್ತೆಂದು ಕಾಣುತ್ತದೆ.

ತಂದೆಯ ಮತ್ತು ಚಿಕ್ಕಪ್ಪನ ದಾರಿಯಲ್ಲಿಯೇ ನಡೆಯಬೇಕೆಂಬುದು ಕಮಲಾ ಅವರ ಹಂಬಲವಾಗಿತ್ತು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವನ್ನಾಗಿಯೂ ಭೌತಶಾಸ್ತ್ರವನ್ನು ಉಪವಿಷಯವನ್ನಾಗಿಯೂ ಆರಿಸಿಕೊಂಡು, 1933ರಲ್ಲಿ ಬಿ.ಎಸ್‌ಸಿ. ಪದವಿಯನ್ನು ಮೊದಲ ಸ್ಥಾನದೊಡನೆ ಪಡೆದರು. ಅಂಥ ವಿದ್ಯಾರ್ಥಿಗೆ ಮುಂದಿನ ಮೆಟ್ಟಿಲು ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ ಆಗಿತ್ತು.

ಈ ಸಂಸ್ಥೆಯ ವಿಷಯವನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಲೇಸು. ಜಮಶೇಟ್‌ಜಿ ಟಾಟಾ ಅವರ ದಾನದಿಂದಲೂ ಮೈಸೂರು ಸಂಸ್ಥಾನವು ನೀಡಿದ ವಿಶಾಲವಾದ ಭೂಮಿಯಿಂದಲೂ 1909ರಲ್ಲಿ ಇದು ಸ್ಥಾಪನೆಗೊಂಡಿತು. 1911ರಲ್ಲಿ, ಎಂದರೆ ಕಮಲಾ ಹುಟ್ಟಿದ ವರ್ಷದಲ್ಲಿಯೇ, ಇಲ್ಲಿ ವಿದ್ಯಾರ್ಥಿಗಳ ಪ್ರವೇಶವಾಯಿತು. ಇದರ ಮೊದಲ ನಿರ್ದೇಶಕರಾದ ಮಾರಿಸ್ ಟ್ರಾವರ್ಸ್ ರಸಾಯನಶಾಸ್ತ್ರಜ್ಞರು. ರ‍್ಯಾಮ್‌ಸೆಯವರೊಡನೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು. ಆದುದರಿಂದ ರಸಾಯನಶಾಸ್ತ್ರಕ್ಕೆ ಇಲ್ಲಿ ಆರಂಭದಿಂದಲೂ ಹಿರಿಯ ಸ್ಥಾನವಿತ್ತು. ಬೆಂಗಳೂರಿನ ಜನ ಇದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದರು. ಆಗ ಈ ಸಂಸ್ಥೆಗೆ ತಾನೇ ಪದವಿ ನೀಡುವ ಅಧಿಕಾರವಿರಲಿಲ್ಲ; ಅದು ದೊರೆತದ್ದು 1958ರ ಬಳಿಕ. ವಿದ್ಯಾರ್ಥಿಗಳು ಇಲ್ಲಿನ ಪ್ರಯೋಗಶಾಲೆಗಳಲ್ಲಿ ಸಂಶೋಧನೆ ನಡೆಸಿ, ಪ್ರೌಢಪ್ರಬಂಧವನ್ನು ಬೇರೆ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿ ಎಂ.ಎಸ್‌ಸಿ. ಪಡೆಯುತ್ತಿದ್ದರು.

ಕಮಲಾ ಅರ್ಜಿ ಹಾಕಿದಾಗ ಸಂಸ್ಥೆಯ ನಿರ್ದೇಶಕ ಸ್ಥಾನದಲ್ಲಿದ್ದವರು ಸರ್ ಸಿ. ವಿ. ರಾಮನ್. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರು. ಮೂರು ವರ್ಷಗಳ ಹಿಂದೆ, 1930ರಲ್ಲಿ, ನೊಬೆಲ್ ಪಾರಿತೋಷಕ ಪಡೆದು ದೇಶಕ್ಕೆಲ್ಲ ಹೆಮ್ಮೆ ತಂದಿದ್ದರು. ಇಂಥ ಮಹನೀಯರು ಕಮಲಾ ಅವರ ಅರ್ಜಿಯನ್ನು ತಿರಸ್ಕರಿಸಿದರು. ಅಂಕಗಳಲ್ಲಿ ಕೊರತೆಯಿರಲಿಲ್ಲ. ಸಂಶೋಧನೆಯಂಥ ಕೆಲಸ ಹೆಂಗಸರಿಗೆ ತಕ್ಕುದಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲವೆಂಬ ನಿಯಮವೂ ಇರಲಿಲ್ಲ. 1920ರ ದಶಕದಲ್ಲಿಯೇ ಒಬ್ಬಿಬ್ಬರು ಮಹಿಳೆಯರು ಅಲ್ಲಿ ಕಲಿತುಹೋಗಿದ್ದುದುಂಟು.

ತಂದೆಯೂ ಚಿಕ್ಕಪ್ಪನೂ ಕೇಳಿಕೊಂಡರು. ಫಲ ದೊರೆಯಲಿಲ್ಲ. ಕಮಲಾ ತಾವೇ ನಿರ್ದೇಶಕರ ಮುಂದೆ ನಿಂತು ಕಾರಣ ಕೇಳಿದರು. ಅದು ದೇಶದಲ್ಲೆಲ್ಲ ಗಾಂಧೀಜಿಯವರ ಮಾರ್ಗ ಮನೆಮಾತಾಗಿದ್ದ ಕಾಲ. ಪ್ರವೇಶ ದೊರೆಯುವ ತನಕ ಹಿಂದಿರುಗುವುದಿಲ್ಲವೆಂದು ಅವರು ಸತ್ಯಾಗ್ರಹದ ಹಾದಿ ಹಿಡಿದರು. ಇಪ್ಪತ್ತೆರಡರ ಹರೆಯದ ಹುಡುಗಿ, ಪರಸ್ಥಳ, ಎದುರಿಗೆ ಲೋಕವಿಖ್ಯಾತ ವಿಜ್ಞಾನಿ! ಕೊನೆಗೆ ರಾಮನ್ ಮಣಿದರು. ಆದರೆ ಕೆಲವು ಷರತ್ತುಗಳನ್ನು ಹಾಕಿದರು. ಮೊದಲ ಒಂದು ವರ್ಷ ಕಮಲಾ ಅವರನ್ನು ಪೂರ್ಣ ವಿದ್ಯಾರ್ಥಿಯೆಂದು ಪರಿಗಣಿಸಲಾಗದು. ಮಾರ್ಗದರ್ಶಕರು ಹೇಳಿದಾಗ ಹೊತ್ತುಗೊತ್ತು ನೋಡದೆ, ರಾತ್ರಿಯಾದರೂ, ಕೆಲಸ ಮಾಡಬೇಕು. ಅವರ ಇರವಿನಿಂದ ಪ್ರಯೋಗಶಾಲೆಯ ವಾತಾವರಣ ಕೆಡಬಾರದು. ವರ್ಷ ಕಳೆದ ಬಳಿಕ ಕೆಲಸ ತೃಪ್ತಿಕರವಾಗಿದ್ದರೆ ಮಾತ್ರ ಮಾನ್ಯತೆ.

ಎರಡನೆಯ ಷರತ್ತು ಯಾವ ವಿದ್ಯಾರ್ಥಿಗಾದರೂ ಹಾಕಬಹುದಾದದ್ದೆನ್ನೋಣ. ಮೂರನೆಯದನ್ನು ಓದುವಾಗ ಇಂದಿಗೂ ಮನಸ್ಸು ಮುದುಡುತ್ತದೆ. ವಿಜ್ಞಾನ ಕಲಿಯಲು ಬಂದವಳನ್ನು ಇತರರ ವಿಜ್ಞಾನಕ್ಕೆ ವಿಘ್ನವೆಂದು ಭಾವಿಸಿದ್ದರ ಅವಮಾನವನ್ನು ಕಮಲಾ ಎಂದಿಗೂ ಮರೆಯಲಿಲ್ಲ. ಆದರೂ ಒಪ್ಪಿಕೊಂಡರು, ಒಳಗೆ ಹೋಗದೆ ಯೋಗ್ಯತೆಯನ್ನು ತೋರಿಸುವ ಬೇರೆ ದಾರಿ ಇರಲಿಲ್ಲ.

ಜೀವರಸಾಯನ ವಿಭಾಗದಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಎಂ. ಶ್ರೀನಿವಾಸಯ್ಯ. ಅವರು ಬಹಳ ಕಟ್ಟುನಿಟ್ಟಿನವರು, ಹಾಗೆಯೇ ಕಲಿಯುವವರನ್ನು ಕಂಡರೆ ಅಕ್ಕರೆಯುಳ್ಳವರು. ಅವರ ಕೈಕೆಳಗೆ ಕಮಲಾ ಹಾಲಿನಲ್ಲಿಯೂ ಬೇಳೆಕಾಳುಗಳಲ್ಲಿಯೂ ಇರುವ ಸಸಾರಜನಕದ ಅಧ್ಯಯನವನ್ನು ಕೈಗೊಂಡರು.

ತೊಗರಿ, ಕಡಲೆ, ಹೆಸರು ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿರುವ ವಸ್ತುಗಳು. ಇವುಗಳಲ್ಲಿ ಸಂಶೋಧಿಸುವುದೇನಿದೆ ಎಂದು ನಿಮಗೆ ಅನ್ನಿಸಬಹುದು. ನೂರು ಗ್ರಾಂ ಬೇಳೆಯಲ್ಲಿ ಸುಮಾರು 20ರಿಂದ 25 ಗ್ರಾಂ ಸಸಾರಜನಕವಿರುತ್ತದೆ. ಮಾಂಸವನ್ನು ತಿನ್ನದವರಿಗೂ, ಹಾಲು ಕೊಳ್ಳಲಾಗದ ಬಡವರಿಗೂ ಮೈಗೆ ಪುಷ್ಟಿ ಕೊಡುವುದು ಇದೇ. ಇದನ್ನು ಅಳೆಯುವ ಬಗೆ ಹೇಗೆ? ರಸಾಯನಶಾಸ್ತ್ರಜ್ಞರು ಆಹಾರವನ್ನು ಪ್ರಬಲವಾದ ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕವನ್ನು ಲೆಕ್ಕಹಾಕುತ್ತಾರೆ. ಸಸಾರಜನಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕವಿರುವುದರಿಂದ, ದೊರೆತ ಸಂಖ್ಯೆಯನ್ನು 6.25ರಿಂದ ಗುಣಿಸಿದರೆ ಸಸಾರಜನಕದ ಪ್ರಮಾಣ ಬರುತ್ತದೆ. 100ನ್ನು 16ರಿಂದ ಭಾಗಿಸಿ ನೋಡಿರಿ, ಈ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ಕಾಳಿನಲ್ಲಿರುವ ಸಾರಜನಕವೆಲ್ಲ ಸಸಾರಜನಕಕ್ಕೇ ಸೇರಿದ್ದಲ್ಲ. ಸ್ವಲ್ಪ ಭಾಗ ಇತರ ಚಿಕ್ಕ ಸಂಯುಕ್ತಗಳಲ್ಲಿ ಇರುತ್ತದೆ. ಅದನ್ನು ಬೇರ್ಪಡಿಸದಿದ್ದರೆ ಆಹಾರದ ಸತ್ತ್ವವನ್ನು ಇರುವುದಕ್ಕಿಂತ ಹೆಚ್ಚೆಂದು ಎಣಿಸಿದಂತಾಗುತ್ತದೆ. ಬೇಳೆಕಾಳುಗಳ ಈ ಭಾಗವನ್ನು ಕುರಿತು ಕಮಲಾ ತಮ್ಮ ಗುರುಗಳೊಡನೆ ಬರೆದ ಲೇಖನ 1935ರಲ್ಲಿ ಇಂಗ್ಲೆಂಡಿನ ಬಯೋಕೆಮಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಿ ಎರಡು ವರ್ಷವಾಗಿತ್ತು, ಅಷ್ಟೇ.

ಷರತ್ತಿನ ವರ್ಷ ಕಳೆಯಿತು. ಕಮಲಾ ಅವರ ಶ್ರದ್ಧೆಯನ್ನೂ ನಡವಳಿಕೆಯನ್ನೂ ಕಂಡ ರಾಮನ್ ಸಂತುಷ್ಟರಾಗಿ ಅವರಿಗೆ ಪೂರ್ಣ ಮಾನ್ಯತೆ ನೀಡಿದರು. ಅಂದಿನಿಂದ ಹೆಣ್ಣುಮಕ್ಕಳಿಗೆ ಸಂಸ್ಥೆಯಲ್ಲಿ ಪ್ರವೇಶ ಸುಗಮವಾಯಿತು. ಮುಂದೆ ರಾಮನ್ನರ ಪ್ರಯೋಗಶಾಲೆಯಲ್ಲಿಯೇ ಹೆಣ್ಣುಮಕ್ಕಳು ಕೆಲಸ ಮಾಡಿದರು. ಹವಾಮಾನ ವಿಜ್ಞಾನಿಯೆಂದು ಹೆಸರಾದ ಅನ್ನಾ ಮಣಿ ಅವರಲ್ಲಿ ಒಬ್ಬರು. 1940ರಲ್ಲಿ ಸೇರಿ ವಜ್ರಗಳನ್ನು ಕುರಿತು ಸಂಶೋಧನೆ ನಡೆಸಿ ಪ್ರಬಂಧ ಬರೆದ ಅವರಿಗೆ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾನಿಲಯ ಪಿಎಚ್.ಡಿ. ಕೊಡಲಿಲ್ಲ. ಒಂದು ಬಾಗಿಲು ತೆರೆದರೆ ಒಳಗೆ ಮತ್ತೊಂದು ಬಾಗಿಲು ಇರುತ್ತಿದ್ದ ಕಾಲ ಅದು.

ರಾಮನ್ ಅವರನ್ನು ಇಲ್ಲಿ ಹಳಿಯುವ ಉದ್ದೇಶ ನನಗಿಲ್ಲ. ಬೆಳಕಿನ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ಈ ಒಂದು ವಿಷಯದಲ್ಲಿ ಕಾಣದೆಹೋಯಿತು. ತಪ್ಪು ತಿಳಿದ ಮೇಲೆ ಅವರು ತಿದ್ದಿಕೊಂಡರೆಂಬುದೂ ನಿಜ. ಆದರೆ ತಿದ್ದಿಕೊಂಡದ್ದರಿಂದ ನೊಂದವರ ನೋವು ಇಲ್ಲವಾಗುವುದಿಲ್ಲ. ಇಳಿವಯಸ್ಸಿನಲ್ಲಿಯೂ ಕಮಲಾ ಈ ಪ್ರಸಂಗವನ್ನು ನೆನೆದು, ತಮಗಾದ ಅಪಮಾನವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು.

1936ರಲ್ಲಿ ಕಮಲಾ ಅವರ ಪ್ರೌಢಪ್ರಬಂಧಕ್ಕೆ ಮುಂಬಯಿ ವಿಶ್ವವಿದ್ಯಾನಿಲಯವು ಎಂ.ಎಸ್‌ಸಿ. ಪದವಿಯನ್ನಿತ್ತಿತು. ಮುಂದಿನ ವರ್ಷ ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಜೀವಸತ್ತ್ವಗಳ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಫ್ರೆಡರಿಕ್ ಹಾಪ್ಕಿನ್ಸ್ ಅವರ ಪ್ರಯೋಗಶಾಲೆ ಅಲ್ಲಿತ್ತು. ಜಾಗ ಕಡಿಮೆ. ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜನ್ನು ಹಗಲಿನ ಹೊತ್ತು ಕಮಲಾ ಅವರಿಗೆ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ ಪಡೆದ ಬಗೆಯ ಸ್ವಾಗತಕ್ಕೂ ಇದಕ್ಕೂ ಎಷ್ಟು ಅಂತರ! ಅನಂತರ ಅವರು ಸಸ್ಯಗಳ ಕುರಿತು ಸಂಶೋಧನೆ ನಡೆಸುತ್ತಿದ್ದ ರಾಬಿನ್ ಹಿಲ್ ಅವರೊಡನೆ ಕೆಲಸಮಾಡಿದರು.

ಜೀವಿಯು ಉಸಿರಾಡುವಾಗ ಆಮ್ಲಜನಕ ಒಳಸೇರುತ್ತದಷ್ಟೆ. ಅದು ಜೀವಕೋಶದಲ್ಲಿ ಆಹಾರವನ್ನು ನಿಧಾನವಾಗಿ ಉರಿಸಿ ಶಕ್ತಿಯನ್ನು ಒದಗಿಸುವ ಕ್ರಿಯೆಯಲ್ಲಿ ಸೈಟೋಕ್ರೋಮ್ ಎಂಬ, ಕಬ್ಬಿಣದ ಅಂಶವುಳ್ಳ ಬಣ್ಣದ ಪದಾರ್ಥಗಳು ನೆರವಾಗುತ್ತವೆ. ಪ್ರಾಣಿಗಳಲ್ಲಿ ಇವುಗಳ ವಿಷಯ ಆಗಲೇ ಸಾಕಷ್ಟು ತಿಳಿದಿತ್ತು. ಕಮಲಾ ಆಲೂಗಡ್ಡೆಯನ್ನು ಪರೀಕ್ಷೆಗೆ ತೆಗೆದುಕೊಂಡು, ಸಸ್ಯದ ಜೀವಕೋಶಗಳಲ್ಲಿಯೂ ‘ಸೈಟೋಕ್ರೋಮ್ ಸಿ’ ಇದೆಯೆಂದು ತೋರಿಸಿದರು. ಹಸುವಿನಲ್ಲಿ ನಡೆಯುವ ಉಸಿರಾಟದ ರಾಸಾಯನಿಕ ಕ್ರಿಯೆಯೇ ಹಸು ಮೇಯುವ ಹುಲ್ಲಿನಲ್ಲಿಯೂ ನಡೆಯುತ್ತದೆಂಬ ತಿಳಿವಳಿಕೆಗೆ ಇದರಿಂದ ಬಲ ಬಂತು. ಕೇಂಬ್ರಿಜ್‌ಗೆ ಹೋದ ಹದಿನಾಲ್ಕು ತಿಂಗಳಲ್ಲಿ ಅವರು ಪಿಎಚ್.ಡಿ. ಪ್ರಬಂಧವನ್ನು ಮುಗಿಸಿದರು. ಅದರ ಗಾತ್ರ ನಲವತ್ತು ಪುಟ! ಹೇಳಬೇಕಾದದ್ದು ಸ್ಪಷ್ಟವಾಗಿದ್ದರೆ ಪುಟಗಳು ಹೆಚ್ಚು ಬೇಕಾಗುವುದಿಲ್ಲವೆಂದು, ಪ್ರಬಂಧ ಬರೆಸುವ ಉಪಾಧ್ಯಾಯನಾಗಿದ್ದ ನನಗೆ ಇದನ್ನು ಓದಿದಾಗ ಅನ್ನಿಸಿತು. ಬ್ರಿಟನ್ನಿನ ವಿಶ್ವವಿದ್ಯಾನಿಲಯದಿಂದ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರನ್ನು ಗುರುತಿಸುತ್ತಾರೆ.

1939ರಲ್ಲಿ ಕಮಲಾ ಸ್ವದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದು, ಬಳಿಕ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾದರು. 1947ರಲ್ಲಿ ಎಂ. ವಿ. ಸೊಹೊನಿ ಅವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ, ತಾವೇ ಈಗ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾದರು.

ಬೆಂಗಳೂರಿನಲ್ಲಿ ಹಿಡಿದ ಬೇಳೆಕಾಳುಗಳನ್ನು ಅವರು ಮುಂಬಯಿಯಲ್ಲಿಯೂ ಬಿಡಲಿಲ್ಲ. ನಮ್ಮ ಅವರೆಕಾಳಿನ ವಿಷಯವನ್ನೇ ನೋಡಿರಿ. ನಾವು ತಿಂದ ಸಸಾರಜನಕವನ್ನು ಕರುಳಿನಲ್ಲಿ ಅರಗಿಸುವ ಕಿಣ್ವಗಳಲ್ಲಿ ಟ್ರಿಪ್ಸಿನ್ ಮುಖ್ಯವಾದುದು. ಹಸಿಯ ಕಾಳಿನಲ್ಲಿ ಈ ಟ್ರಿಪ್ಸಿನ್ನಿನ ಕೆಲಸವನ್ನು ತಡೆಯುವ ಪದಾರ್ಥವಿರುತ್ತದೆ. ಅವರೆಯಿಂದಲೂ ಡಬಲ್ ಬೀನ್ಸ್ ಕಾಳಿನಿಂದಲೂ ಅಂಥ ಪದಾರ್ಥವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ಸಂಗತಿಯನ್ನು ಕಮಲಾ ತಮ್ಮ ಸಹೋದ್ಯೋಗಿಯೊಡನೆ 1955ರಲ್ಲಿ ನೇಚರ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಳನ್ನು ಚೆನ್ನಾಗಿ ಬೇಯಿಸಿದರೆ ಇದು ಬಹುಮಟ್ಟಿಗೆ ನಾಶವಾಗುತ್ತದೆ. ಅವರೆಯನ್ನು ಬೇಯಿಸಿಯೇ ಉಣ್ಣಬೇಕೆಂದು ನಮ್ಮ ಅಜ್ಜಿಯರು ಕಾರಣ ತಿಳಿಯದೆ ಪಾಲಿಸಿಕೊಂಡು ಬಂದ ರೂಢಿಗೆ ಇಲ್ಲಿ ಕಾರಣ ದೊರೆಯಿತು.

ಅವರ ಇನ್ನೊಂದು ಕೆಲಸ ನಮ್ಮ ಕರಾವಳಿಯವರಿಗೆ ಹೆಚ್ಚು ಪ್ರಿಯವಾದೀತು. ತಾಳೆ ಮೊದಲಾದ ಮರಗಳಿಂದ ಇಳಿಸಿದ, ಹುಳಿಯದ ಸಿಹಿ ರಸಕ್ಕೆ ನೀರಾ ಎನ್ನುತ್ತಾರೆ. ಬಿಸಿಲೇರಿದರೆ ಹುಳಿತು ಅದೇ ಕಳ್ಳಾಗುತ್ತದೆ. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರ ಸೂಚನೆಯಂತೆ ಕಮಲಾ ನೀರಾದ ಗುಣಗಳನ್ನು ಪರೀಕ್ಷಿಸಿದರು. ಅದರಲ್ಲಿ ಜೀವಸತ್ತ್ವಗಳೂ ಕಬ್ಬಿಣಾಂಶವೂ ಇವೆಯೆಂದೂ, ಕಾಯಿಸಿ ಬೆಲ್ಲ ಮಾಡಿದಾಗಲೂ ಅವು ಉಳಿಯುತ್ತವೆಂದೂ ಕಂಡುಕೊಂಡರು. ನಮ್ಮಲ್ಲಿ ಓಲೆಬೆಲ್ಲವೆಂದು ಕೊಳ್ಳುವ ತಾಳೆಬೆಲ್ಲ ಇದೇ ಜಾತಿಯದು. ಪೋಷಣೆಯ ಕೊರತೆಯಿಂದ ಬಳಲುವ ಮಕ್ಕಳಿಗೂ ಗರ್ಭಿಣಿಯರಿಗೂ ನೀರಾ ಉಪಯುಕ್ತವಾದ, ಅಗ್ಗದ ಆಹಾರವಾಗಬಲ್ಲುದೆಂದು ಈ ಸಂಶೋಧನೆಯಿಂದ ತಿಳಿಯಿತು. ಇದಕ್ಕಾಗಿ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ದೊರೆಯಿತು.

ಇಷ್ಟೆಲ್ಲ ಸಾಧಿಸಿದ ಮೇಲೂ ಮುಂಬಯಿಯ ಸಂಸ್ಥೆಯ ನಿರ್ದೇಶಕ ಪದವಿ ಅವರಿಗೆ ಸಲ್ಲಬೇಕಾದಾಗ ಸಲ್ಲಲಿಲ್ಲ. ನಾಲ್ಕು ವರ್ಷ ಕಾಯಬೇಕಾಯಿತು. ಹೆಣ್ಣೆಂಬ ಹಳೆಯ ಕಾರಣವೇ ಇಲ್ಲಿಯೂ ಅಡ್ಡಬಂದಿತ್ತು.

ನಿವೃತ್ತಿಯ ಬಳಿಕವೂ ಅವರು ಸುಮ್ಮನೆ ಕುಳಿತವರಲ್ಲ. ಆಹಾರ ಕಲಬೆರಕೆಯ ವಿರುದ್ಧ ಗ್ರಾಹಕರನ್ನು ಎಚ್ಚರಿಸುತ್ತಿದ್ದ ಮುಂಬಯಿಯ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದರು. 1982ರಲ್ಲಿ ಅದರ ಅಧ್ಯಕ್ಷೆಯಾಗಿ ಆಯ್ಕೆಯಾದರು. ಸಂಘದ ಪತ್ರಿಕೆಯಲ್ಲಿ ಗೃಹಿಣಿಯರಿಗೆ ತಿಳಿಯುವಂತೆ ಲೇಖನಗಳನ್ನು ಬರೆದರು. ಎಂಬತ್ತು ದಾಟಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಅವರನ್ನು ದೆಹಲಿಗೆ ಕರೆಸಿ ಸನ್ಮಾನಿಸಿತು. ಬೆಂಗಳೂರಿನಲ್ಲಿ ಬಾಗಿಲ ಹೊರಗೆ ನಿಂತಿದ್ದ ದಿನಗಳಿಗೆ ಆಗ ಅರವತ್ತು ವರ್ಷಗಳು ಕಳೆದಿದ್ದವು.

1998ರಲ್ಲಿ ಕಮಲಾ ಸೊಹೊನಿ ನಿಧನಹೊಂದಿದರು. ಅವರಿಗಿಂತ ಒಂದು ವರ್ಷಕ್ಕೆ ಹಿರಿಯರಾದ ಅಕ್ಕ ದುರ್ಗಾ ಭಾಗವತ್ ಇನ್ನೂ ನಾಲ್ಕು ವರ್ಷ ಬದುಕಿದ್ದರು.